ಪಂಚ್ ಹೊಡೆದ ಶಾಫ್ಟ್: ಒಂದು ಪಲ್ಪರ್ ಬೇರಿಂಗ್‌ನ ಪ್ರಕರಣ

ಮೂಡಿಗೆರೆ ಕಡೆಯ ಒಂದು ಕಾಫಿ ತೋಟ. ಹೆಸರು ಬೇಡ. ಮಾಲೀಕರು ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ, ಗುರುತು ಸಿಗುವಂಥ ಎರಡು ಮೂರು ವಿವರ ಬದಲಿಸಿದ್ದೇನೆ. ಅಳತೆಗಳನ್ನು ಮಾತ್ರ ಮುಟ್ಟಿಲ್ಲ. ಇದರಲ್ಲಿ ತಪ್ಪು ಮಾಡಿದವರ ಪೈಕಿ ನಾನೂ ಒಬ್ಬ.

ನನ್ನದು ಚಿಕ್ಕಮಗಳೂರಿನಲ್ಲಿ ಒಂದು ಸಣ್ಣ ಲೇತ್ ಶಾಪ್. ಮಳೆಗಾಲದಲ್ಲಿ ಪಂಪು, ಬೇಸಿಗೆಯಲ್ಲಿ ಟ್ರ್ಯಾಕ್ಟರ್ ಸಾಮಾನು, ಹಣ್ಣಿನ ಸೀಸನ್ ಬಂತೆಂದರೆ ಪಲ್ಪರ್, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಮಿಷನ್. ಈ ಪ್ರಕರಣ ಶುರುವಾಗಿದ್ದು ಡಿಸೆಂಬರ್‌ನಲ್ಲಿ, ಅರೇಬಿಕಾ ಕುಯ್ಲು ಜೋರಾಗಿರುವಾಗ. ಕೊನೆ ಮುಟ್ಟಿದ್ದು ಮುಂದಿನ ವರ್ಷದ ಸೀಸನ್ ಮುಗಿದ ಮೇಲೆ.

ಹಿನ್ನೆಲೆ

ಕಾಫಿ ಗೊತ್ತಿಲ್ಲದವರಿಗೆ ಒಂದು ಮಾತು. ಕುಯ್ದ ಹಣ್ಣನ್ನು ಅವತ್ತೇ ಪಲ್ಪ್ ಮಾಡಬೇಕು. ಮಾರನೇ ದಿನಕ್ಕೆ ಬಿಟ್ಟರೆ ಚೀಲದೊಳಗೇ ಬಿಸಿಯಾಗಿ ಹುಳಿ ವಾಸನೆ ಹಿಡಿಯುತ್ತದೆ, ಆಮೇಲೆ ಏನು ಮಾಡಿದರೂ ಕಪ್ಪಿನಲ್ಲಿ ಆ ವಾಸನೆ ಹೋಗುವುದಿಲ್ಲ. ಹಾಗಾಗಿ ಸಂಜೆ ಐದಕ್ಕೆ ಹಣ್ಣು ತೂಕ ಹಾಕಿ, ಆರಕ್ಕೆ ಪಲ್ಪರ್ ಸ್ಟಾರ್ಟ್ ಮಾಡಿದರೆ ರಾತ್ರಿ ಹನ್ನೆರಡರವರೆಗೂ ಓಡುತ್ತದೆ. ಈ ತೋಟದ ಪಲ್ಪರ್‌ಗೆ ಅಕ್ಕಪಕ್ಕದ ಸಣ್ಣ ಬೆಳೆಗಾರರ ಹಣ್ಣೂ ಬರುತ್ತದೆ. ಅದು ನಿಂತರೆ ನಾಲ್ಕು ಮನೆಯವರಿಗೆ ನಿದ್ದೆ ಇಲ್ಲ.

ಮಿಷನ್ ಹಳೇ ಡ್ರಮ್ ಪಲ್ಪರ್. ತಿರುಗುವ ಡ್ರಮ್, ಅದರ ಎದುರಿಗೆ ಒಂದು ತಟ್ಟೆ, ನಡುವೆ ಸಣ್ಣ ಸಂದು. ಹಣ್ಣು ಆ ಸಂದಿನಲ್ಲಿ ಸಿಕ್ಕಿ ಸಿಪ್ಪೆ ಬಿಡುತ್ತದೆ. ಡ್ರಮ್ಮಿನ ಶಾಫ್ಟ್ 40 ಮಿಲಿಮೀಟರ್ ದಪ್ಪ, ಎರಡೂ ಕಡೆ 6208 ನಂಬರಿನ ಬೇರಿಂಗ್. ನಿಮಿಷಕ್ಕೆ ಸುಮಾರು 160 ಸುತ್ತು. ಮೋಟಾರು, ಬೆಲ್ಟು, ಪುಲ್ಲಿ ಎಲ್ಲಾ ಒಂದೇ ಕಡೆ. ಈ ಕಥೆ ಆ ಪುಲ್ಲಿ ಕಡೆಯ ಬೇರಿಂಗಿನದು.

ತೊಂದರೆ

ಮೊದಲು ಕಂಡಿದ್ದು ಕತ್ತರಿಸಿದ ಕಾಳು. ಪಾರ್ಚ್‌ಮೆಂಟ್‌ನಲ್ಲಿ, ಅಂದರೆ ಸಿಪ್ಪೆ ಬಿಟ್ಟು ಒಳಪೊರೆ ಮಾತ್ರ ಉಳಿದ ಕಾಳಿನಲ್ಲಿ, ಹಲ್ಲಿನಲ್ಲಿ ಕಚ್ಚಿದ ಹಾಗೆ ತುಂಡಾದ ಬೇಳೆ ಜಾಸ್ತಿ ಆಯಿತು. ಸಂದು ಸಣ್ಣದಾಗಿದೆ ಅಂತ ಸಡಿಲ ಮಾಡಿದರು. ಆಗ ಸಿಪ್ಪೆ ಬಿಡದ ಹಣ್ಣು ಹಾಗೇ ದಾಟಿ ಬಂತು. ಬಿಗಿ ಮಾಡಿದರೆ ಮತ್ತೆ ಕತ್ತರಿ. ಎರಡು ರಾತ್ರಿ ಇದೇ ಆಟ. ಮೂರನೇ ರಾತ್ರಿ ಅಲ್ಲಿನ ಮೇಸ್ತ್ರಿ ಶಾಫ್ಟಿನ ಕೆಳಗೆ ಹಾರೆ ಕೊಟ್ಟು ಎತ್ತಿ ನೋಡಿದರು. ಟಕ್ ಅಂತು. ಡ್ರಮ್ಮೇ ಕುಣಿಯುತ್ತಿದ್ದರೆ ಸಂದು ಎಷ್ಟು ತಿರುಗಿಸಿ ಏನು ಬಂತು?

ಬೇರಿಂಗಿನ ಅಂಚಿನಲ್ಲಿ, ಶಾಫ್ಟ್ ಹೊರಗೆ ಬರುವ ಕಡೆ, ಕಾವಿ ಬಣ್ಣದ ನಯವಾದ ಪುಡಿ ಕೂತಿತ್ತು. ಎಲ್ಲರೂ ತುಕ್ಕು ಅಂದರು. ಪಲ್ಪರ್ ಹೌಸ್‌ನಲ್ಲಿ ಸೀಸನ್ ಪೂರ್ತಿ ನೀರು ಹರಿಯುತ್ತಿರುತ್ತದೆ, ತುಕ್ಕು ಅನ್ನುವುದು ಸಹಜ. ಆದರೆ ಈ ಪುಡಿ ಬರುತ್ತಿದ್ದದ್ದು ಬೇರಿಂಗಿನ ಒಳ ಉಂಗುರ ಮತ್ತು ಶಾಫ್ಟ್ ಸೇರುವ ಜಾಗದಿಂದ. ಉಂಗುರ ಶಾಫ್ಟಿನ ಮೇಲೆ ಒಂದಿಷ್ಟೇ ಅಲ್ಲಾಡಿದರೂ ಕಣ್ಣಿಗೆ ಕಾಣದಷ್ಟು ಸಣ್ಣ ಕಬ್ಬಿಣದ ಚೂರು ಕಿತ್ತು ಬರುತ್ತವೆ, ಗಾಳಿ ತಾಗಿ ಕೆಂಪಗಾಗುತ್ತವೆ. ರಾಸಾಯನಿಕವಾಗಿ ತುಕ್ಕಿನ ಬಳಗವೇ. ಹುಟ್ಟಿದ್ದು ಮಾತ್ರ ನೀರಿನಿಂದಲ್ಲ, ಉಜ್ಜಾಟದಿಂದ. ಇನ್ನೊಂದು ಕಷ್ಟ ಏನೆಂದರೆ, ಈ ಪುಡಿ ಶಾಫ್ಟಿನ ಮೆದು ಉಕ್ಕಿಗಿಂತ ಗಟ್ಟಿ. ಒಳಗೇ ಕೂತು ಎಮರಿ ಪೇಪರಿನ ಕೆಲಸ ಮಾಡುತ್ತದೆ. ಸಡಿಲ ಆದಷ್ಟೂ ಪುಡಿ, ಪುಡಿ ಆದಷ್ಟೂ ಸಡಿಲ.

ಉಂಗುರ ಜಾರುವುದು ಯಾಕೆ ಅಂತ ಕೇಳುವವರಿಗೆ ಬಳೆ ಲೆಕ್ಕ ಹೇಳುತ್ತೇನೆ. ಕೈಗಿಂತ ಚೂರು ದೊಡ್ಡ ಬಳೆ ಕೈಯ ಸುತ್ತ ಉರುಳುತ್ತದಲ್ವಾ, ಹಾಗೇ. ಬೆಲ್ಟ್ ಎಳೆತ ಯಾವಾಗಲೂ ಒಂದೇ ದಿಕ್ಕಿಗೆ, ಶಾಫ್ಟ್ ತಿರುಗುತ್ತಿದೆ. ಶಾಫ್ಟ್ 0.05 ಮಿಲಿಮೀಟರ್ ಸಣ್ಣದಿದ್ದರೆ, ಉಂಗುರದ ಒಳ ಸುತ್ತಳತೆ ಶಾಫ್ಟಿನ ಸುತ್ತಳತೆಗಿಂತ 0.157 ಮಿಲಿಮೀಟರ್ ಜಾಸ್ತಿ. ಪ್ರತಿ ಸುತ್ತಿಗೂ ಅಷ್ಟು ಹಿಂದೆ ಬೀಳುತ್ತದೆ. 160 ಸುತ್ತು ಆಗುವ ಒಂದು ನಿಮಿಷಕ್ಕೆ 25 ಮಿಲಿಮೀಟರ್. ಆರು ಗಂಟೆ ಓಡಿದರೆ 9 ಮೀಟರ್. ಅಂದರೆ ಅಲ್ಲಾಡುವುದೇ ಇಲ್ಲ ಅಂತ ನಾವು ನಂಬಿರುವ ಜೋಡಣೆ ಒಂದೇ ರಾತ್ರಿಯಲ್ಲಿ ಐದು ಮಾರು ಉದ್ದ ಉಜ್ಜಿಕೊಂಡಿರುತ್ತದೆ.

ಮೊದಲ ತೀರ್ಮಾನ: ಪಂಚ್

ಅವತ್ತು ರಾತ್ರಿ ಎಂಟು ಗಂಟೆ. ಇನ್ನೂ ಇಪ್ಪತ್ತೆರಡು ಚೀಲ ಹಣ್ಣು ಬಾಕಿ. ಮೇಸ್ತ್ರಿ ಬೇರಿಂಗ್ ಎಳೆದು, ಚೂಪು ಮೂತಿಯ ಸೆಂಟರ್ ಪಂಚ್, ಸುತ್ತಿಗೆ ತೆಗೆದುಕೊಂಡು, ಬೇರಿಂಗ್ ಕೂರುವ ಜಾಗದ ಸುತ್ತ ಟಕಟಕ ಅಂತ ಪಂಚ್ ಹೊಡೆದರು. ನಮ್ಮ ಕಡೆ ಯಾವ ವರ್ಕ್‌ಶಾಪಿನಲ್ಲೂ ಕಾಣುವ ಉಪಾಯ ಇದು. ಒಂದೊಂದು ಗುಂಡಿಯ ಸುತ್ತಲೂ ಲೋಹ ಉಬ್ಬಿ ಅಂಚು ಎದ್ದು ನಿಲ್ಲುತ್ತದೆ. ಶಾಫ್ಟ್ ದಪ್ಪ ಆದ ಹಾಗೆ. ಬೇರಿಂಗ್ ಮತ್ತೆ ಬಡಿದು ಕೂರಿಸಿದರು, ಕಲ್ಲಿನ ಹಾಗೆ ಕೂತಿತು. ಹನ್ನೊಂದೂವರೆಗೆ ಹಣ್ಣು ಮುಗಿಯಿತು.

ಆ ರಾತ್ರಿಯ ಮಟ್ಟಿಗೆ ಅದು ಸರಿಯಾದ ತೀರ್ಮಾನ, ಈಗಲೂ ಹಾಗೇ ಹೇಳುತ್ತೇನೆ. ಎಡವಿದ್ದು ಮಾರನೇ ಬೆಳಗ್ಗೆ. ರಿಪೇರಿ ಆಯಿತು ಅಂತ ಎಲ್ಲರೂ ಮರೆತರು.

ನಾಲ್ಕು ರಾತ್ರಿ ಓಡಿತು. ಐದನೇ ದಿನ ನನಗೆ ಫೋನು. "ಎಂತ ಮಾರಾಯ, ಮತ್ತೆ ಕೆಂಪು ಪುಡಿ ಬರ್ತಾ ಉಂಟು. ನೀನೇ ಒಂದ್ಸಲ ಬಂದು ನೋಡು."

ಭೂತಗನ್ನಡಿಯಲ್ಲಿ ಕಂಡಿದ್ದು

ಬೇರಿಂಗ್ ಕೈಯಲ್ಲೇ ಬಂತು, ಅದನ್ನು ಎಳೆದು ತೆಗೆಯುವ ಪುಲ್ಲರ್ ಬೇಕಾಗಲಿಲ್ಲ. ಶಾಫ್ಟ್ ಒರೆಸಿ, ಟಾರ್ಚ್ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಸುತ್ತಲೂ ಮಂಕು ಕೆಂಪು. ಅದರ ನಡುವೆ ಅಲ್ಲಲ್ಲಿ ಕನ್ನಡಿಯ ಹಾಗೆ ಹೊಳೆಯುವ ಚುಕ್ಕೆಗಳು. ಪಂಚ್ ಗುಂಡಿಗಳ ಅಂಚು ಎಲ್ಲಿ ಉಂಗುರಕ್ಕೆ ತಾಗಿತ್ತೋ ಅಲ್ಲಿ ಮಾತ್ರ ಹೊಳಪು. ಸುಮ್ನೆ ಎಣಿಸೋಣ ಅನಿಸಿತು. ಒಟ್ಟು 64 ಗುಂಡಿ. ಹೊಳಪು ಇದ್ದದ್ದು 41ಕ್ಕೆ. ಒಂದೊಂದು ಚುಕ್ಕೆ ಹೆಚ್ಚೆಂದರೆ ಅರ್ಧ ಮಿಲಿಮೀಟರ್ ಅಗಲ, ಅಂಚು ಚಪ್ಪಟೆಯಾಗಿ ಪಕ್ಕಕ್ಕೆ ಹರಡಿತ್ತು, ಒಣಗಲು ಬಿಟ್ಟ ಸಂಡಿಗೆಯನ್ನು ಯಾರೋ ತುಳಿದ ಹಾಗೆ.

ಲೆಕ್ಕ ಹಾಕಿ. 41 ಚುಕ್ಕೆ ಸೇರಿಸಿದರೆ ಎಂಟು ಚದರ ಮಿಲಿಮೀಟರ್. ಬೇರಿಂಗ್ 18 ಮಿಲಿಮೀಟರ್ ಅಗಲ, ಅದು ಕೂರುವ ಜಾಗ ಪೂರ್ತಿ 2,260 ಚದರ ಮಿಲಿಮೀಟರ್. ನೂರರಲ್ಲಿ ಅರ್ಧ ಪಾಲೂ ತಾಗಿರಲಿಲ್ಲ.

ಇಲ್ಲಿ ಮೇಸ್ತ್ರಿ ಕೇಳಿದ ಪ್ರಶ್ನೆಯೇ ಈ ಬರಹಕ್ಕೆ ಕಾರಣ. "ನಯ ಇದ್ದರೆ ಪೂರ್ತಿ ತಾಗ್ತದಾ?" ಅಂದರು. ಇಲ್ಲ. ಅದೇ ಮಜಾ.

ಎರಡು ಹಲಸಿನ ಹಣ್ಣು ಒಂದಕ್ಕೊಂದು ಒತ್ತಿ. ತಾಗುವುದು ಮುಳ್ಳಿನ ತುದಿ ಮಾತ್ರ. ಎಷ್ಟೇ ನಯ ಮಾಡಿದ ಲೋಹವೂ ಹತ್ತಿರದಿಂದ ನೋಡಿದರೆ ಹಲಸಿನ ಸಿಪ್ಪೆಯೇ, ಮುಳ್ಳು ಸಣ್ಣದು ಅಷ್ಟೇ. ಜೋರಾಗಿ ಒತ್ತಿದರೆ ತಾಗಿದ ತುದಿಗಳು ಚಪ್ಪಟೆಯಾಗುತ್ತವೆ, ಅವು ತಗ್ಗಿದ ಕೂಡಲೇ ಪಕ್ಕದ ಗಿಡ್ಡ ಮುಳ್ಳುಗಳೂ ತಾಗುತ್ತವೆ. ತಾಗಿದ ಜಾಗ ಒತ್ತಡದ ಜೊತೆಗೇ ಬೆಳೆಯುತ್ತದೆ. 100 ಕೆಜಿ ಕಬ್ಬಿಣದ ದಿಂಡನ್ನು ಕಬ್ಬಿಣದ ಮೇಜಿನ ಮೇಲೆ ಇಟ್ಟರೆ ನಿಜವಾಗಿ ತಾಗುವ ಜಾಗ ಎಷ್ಟು ಗೊತ್ತಾ? ತುದಿಗಳು ಚಪ್ಪಟೆಯಾಗುತ್ತಾ ಆ ಭಾರ ಹೊರುವಷ್ಟು ಆದಾಗ ನಿಲ್ಲುತ್ತವೆ. ಸಾಧಾರಣ ಉಕ್ಕಿನ ಗಡಸುತನ ಹಿಡಿದು ಲೆಕ್ಕ ಹಾಕಿದರೆ ಸುಮಾರು ಅರ್ಧ ಚದರ ಮಿಲಿಮೀಟರ್. ಸಾಸಿವೆ ಕಾಳಿನಷ್ಟೂ ಇಲ್ಲ. ದಿಂಡು ಅಗಲ ಇರಲಿ, ಕಿರಿದಿರಲಿ, ಅಷ್ಟೇ.

1699ರಲ್ಲಿ ಫ್ರಾನ್ಸಿನ ಅಮೊಂಟೊನ್ಸ್ ಘರ್ಷಣೆ ಭಾರವನ್ನು ನೋಡುತ್ತದೆ, ಅಗಲವನ್ನಲ್ಲ ಅಂತ ಬರೆದಾಗ ಅದು ಯಾಕೆ ಅಂತ ಯಾರಿಗೂ ಹೊಳೆದಿರಲಿಲ್ಲ. ಈ ತುದಿಗಳ ಲೆಕ್ಕದಿಂದ ಅದನ್ನು ಬಿಡಿಸಿದವರು 20ನೇ ಶತಮಾನದಲ್ಲಿ ಕೇಂಬ್ರಿಜ್‌ನ ಬೌಡನ್ ಮತ್ತು ಟೇಬರ್. 1966ರಲ್ಲಿ ಗ್ರೀನ್‌ವುಡ್ ಮತ್ತು ವಿಲಿಯಮ್ಸನ್ ಇನ್ನೊಂದು ಹೆಜ್ಜೆ ಹೋದರು. ಒತ್ತಡ ಜಾಸ್ತಿಯಾದಾಗ ಒಂದೊಂದು ಚುಕ್ಕೆ ದೊಡ್ಡದಾಗುವುದಕ್ಕಿಂತ ಚುಕ್ಕೆಗಳ ಸಂಖ್ಯೆ ಏರುವುದೇ ಮುಖ್ಯ ಅಂತ ತೋರಿಸಿದರು. ಡಿಪ್ಲೊಮಾದಲ್ಲಿ ಇದನ್ನೆಲ್ಲ ಓದಿ ಪಾಸಾದವನೇ ನಾನು. ಶಾಪಿನಲ್ಲಿ ಒಂದು ದಿನವೂ ನೆನಪಿಗೆ ಬಂದಿರಲಿಲ್ಲ.

ಹಾಗಾದರೆ ಪಂಚ್ ಹೊಡೆದಿದ್ದು ಯಾಕೆ ನಿಲ್ಲಲಿಲ್ಲ? ಎಲ್ಲವೂ ತುದಿ ಮೇಲೇ ನಿಲ್ಲುವುದಾದರೆ 41 ತುದಿ ಸಾಲದಾ? ಬೇರಿಂಗ್ ಶಾಫ್ಟನ್ನು ಹಿಡಿದಿರುವುದು ಉಂಗುರದ ಬಿಗಿತದಿಂದ. ಶಾಫ್ಟ್ ಉಂಗುರದ ರಂಧ್ರಕ್ಕಿಂತ ಹತ್ತು ಹದಿನೈದು ಮೈಕ್ರಾನ್ ಜಾಸ್ತಿ ದಪ್ಪ ಇರುತ್ತದೆ, ಉಂಗುರ ಅಷ್ಟು ಹಿಗ್ಗಿ ಸ್ಪ್ರಿಂಗಿನ ಹಾಗೆ ಅಮುಕುತ್ತದೆ. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು, ತಲೆಕೂದಲು ಎಪ್ಪತ್ತು ಮೈಕ್ರಾನಿನ ಹತ್ತಿರ ಹತ್ತಿರ ಇರುತ್ತದೆ. ಈ ಹದಿನೈದು ಮೈಕ್ರಾನೇ ನಮ್ಮ ಬಂಡವಾಳ. ನಯವಾದ ಮೈಯಲ್ಲಿ ಲಕ್ಷಗಟ್ಟಲೆ ಗಿಡ್ಡ ತುದಿಗಳು ಭಾರ ಹಂಚಿಕೊಳ್ಳುತ್ತವೆ, ಒಂದು ಮೈಕ್ರಾನೋ ಎರಡೋ ತಗ್ಗಿ ನಿಲ್ಲುತ್ತವೆ. ಪಂಚ್ ಅಂಚು ಎತ್ತರ, ತೆಳು. ಬೆಲ್ಟ್ ಎಳೆತ ಒಂದೊಂದು ಸುತ್ತಿಗೂ ಸರದಿಯಲ್ಲಿ ಒಂದೊಂದು ಅಂಚಿನ ಮೇಲೆ ಬೀಳುತ್ತದೆ. ಅದು ಹದಿನೈದು ಮೈಕ್ರಾನ್ ಕುಸಿಯುವುದು ಏನು ದೊಡ್ಡ ವಿಷಯ? ಕುಸಿದ ಕೂಡಲೇ ಬಿಗಿತ ಸೊನ್ನೆ. ಬೇರಿಂಗಿನ ಉಂಗುರ ಗಡಸು ಉಕ್ಕು, ಶಾಫ್ಟ್ ಇಎನ್ 8 ಅನ್ನುವ ಮೆದು ಉಕ್ಕು. ಯಾರು ಕುಸಿಯುತ್ತಾರೆ ಅನ್ನುವುದರಲ್ಲಿ ಅನುಮಾನವೇ ಇಲ್ಲ.

ಎರಡನೇ ತೀರ್ಮಾನ: ನನ್ನದು

ಇಷ್ಟೆಲ್ಲ ಮೇಸ್ತ್ರಿಗೆ ಪಾಠ ಹೇಳಿ ಶಾಫ್ಟನ್ನು ಪಿಕಪ್‌ನಲ್ಲಿ ಹಾಕಿಕೊಂಡು ಬಂದೆ. ಪಂಚ್ ಜಾಗಕ್ಕೆ ವೆಲ್ಡಿಂಗ್ ತುಂಬಿಸಿ, ಶಾಫ್ಟ್ ಬಾಗದ ಹಾಗೆ ಎದುರು ಬದುರು ಗೆರೆ ಎಳೆದು, ತಣ್ಣಗಾದ ಮೇಲೆ ಲೇತ್‌ಗೆ ಕಟ್ಟಿದೆ. ಮೈಕ್ರೊಮೀಟರ್ ಇಟ್ಟು ಅಳೆದರೆ 40.012 ಮಿಲಿಮೀಟರ್ ಬಂತು. ಇಂಥ ಬೇರಿಂಗಿಗೆ ಪಟ್ಟಿಯಲ್ಲಿ ಇರುವುದು 40.002ರಿಂದ 40.018. ನಡುಮಧ್ಯ. ಖುಷಿಯಾಯಿತು. ಹೊಸ ಬೇರಿಂಗ್, ಪೈಪ್ ಕೊಟ್ಟು ಬಡಿದು ಕೂರಿಸಿದ್ದಾಯಿತು.

ಹನ್ನೆರಡು ರಾತ್ರಿ ಓಡಿತು. ಆಮೇಲೆ ಕೆಂಪು ಪುಡಿ.

ಈ ಸಲ ಮೇಸ್ತ್ರಿ ಏನೂ ಹೇಳಲಿಲ್ಲ. ಅದೇ ಜಾಸ್ತಿ ಚುಚ್ಚಿತು.

ಬೇರಿಂಗ್ ತೆಗೆದು ಅಳೆದೆ. 39.994. ಮೂರು ಕಡೆ ಅಳೆದೆ, ಹೆಚ್ಚುಕಡಿಮೆ ಅಷ್ಟೇ. ಹದಿನೆಂಟು ಮೈಕ್ರಾನ್ ಎಲ್ಲಿ ಹೋಯಿತು? ಸವೆದು ಹೋಯಿತು ಅನ್ನಲು ಪುಡಿ ಈಗಷ್ಟೇ ಶುರುವಾಗಿತ್ತು. ಮತ್ತೆ ಭೂತಗನ್ನಡಿ. ಲೇತ್ ಟೂಲಿನ ಗೆರೆಗಳು ಉತ್ತ ಗದ್ದೆಯ ಸಾಲಿನ ಹಾಗೆ ಕಾಣುತ್ತಿದ್ದವು. ಸಾಲಿನ ದಿಬ್ಬಗಳೆಲ್ಲ ಒತ್ತಿ ಮಟ್ಟವಾಗಿ ಹೊಳೆಯುತ್ತಿದ್ದವು, ತಗ್ಗುಗಳಲ್ಲಿ ಟೂಲ್ ಬಿಟ್ಟ ಗುರುತು ಹಾಗೇ ಇತ್ತು, ಏನೂ ತಾಗಿರಲಿಲ್ಲ.

ಅವತ್ತು ಅರ್ಜೆಂಟು ಅಂತ ಕೊನೇ ಪಾಸಿಗೂ 0.25 ಮಿಲಿಮೀಟರ್ ಫೀಡ್ ಕೊಟ್ಟಿದ್ದೆ. ಶಾಫ್ಟ್ ಒಂದು ಸುತ್ತು ತಿರುಗುವಷ್ಟರಲ್ಲಿ ಟೂಲ್ ಮುಂದೆ ಸರಿಯುವ ದೂರವೇ ಫೀಡ್. ಟೂಲಿನ ಮೂತಿಯ ದುಂಡಿನ ತ್ರಿಜ್ಯ 0.4 ಮಿಲಿಮೀಟರ್. ಫೀಡನ್ನು ಅದರಿಂದಲೇ ಗುಣಿಸಿ, ಆ ತ್ರಿಜ್ಯದ ಎಂಟು ಪಟ್ಟಿನಿಂದ ಭಾಗಿಸಿದರೆ ದಿಬ್ಬದ ಎತ್ತರ ಸಿಗುತ್ತದೆ. ಸುಮಾರು 20 ಮೈಕ್ರಾನ್. ಎರಡೂ ಬದಿ ಸೇರಿದರೆ 40. ಮೈಕ್ರೊಮೀಟರಿನ ದವಡೆಗಳು ಚಪ್ಪಟೆ. ಅವು ತಾಗುವುದೂ ದಿಬ್ಬದ ತುದಿಗೇ! ನಾನು ಅಳೆದ 40.012 ಶಾಫ್ಟಿನದಲ್ಲ, ದಿಬ್ಬಗಳ ನೆತ್ತಿಯದು. ಬೇರಿಂಗ್ ಬಡಿದು ಕೂರಿಸುವಾಗಲೇ ಅರ್ಧಕ್ಕರ್ಧ ನೆತ್ತಿ ಹೋಗಿತ್ತು, ಉಳಿದದ್ದನ್ನು ಬೆಲ್ಟು ನೋಡಿಕೊಂಡಿತು.

ಮೇಸ್ತ್ರಿ ಪಂಚ್‌ನಲ್ಲಿ 64 ಉಬ್ಬು ಎಬ್ಬಿಸಿದ್ದರು. ನಾನು ಲೇತ್‌ನಲ್ಲಿ ಎಪ್ಪತ್ತು ಸುತ್ತು ದಿಬ್ಬ ಎಬ್ಬಿಸಿದ್ದೆ. ಹನ್ನೆರಡು ರಾತ್ರಿಗೂ ನಾಲ್ಕು ರಾತ್ರಿಗೂ ಇರುವ ವ್ಯತ್ಯಾಸ ಅಷ್ಟೇ.

ಸೀಸನ್ ದಾಟಿಸಿದ್ದು

ಮತ್ತೆ ವೆಲ್ಡಿಂಗ್ ಮಾಡಿ ನಯವಾಗಿ ತಿರುಗಿಸೋಣ ಅಂದರೆ ಎರಡು ದಿನ ಬೇಕು. ಹಣ್ಣು ಗಿಡದಲ್ಲಿ ಉದುರುವ ಹಂತಕ್ಕೆ ಬಂದಿತ್ತು. ಇನ್ನೊಂದು ದಾರಿ ಬೇರಿಂಗ್ ಹಿಡಿಸುವ ಗಮ್. ಗಾಳಿ ಇಲ್ಲದ ಕಡೆ, ಲೋಹದ ನಡುವೆ ಸಿಕ್ಕಾಗ ಗಟ್ಟಿಯಾಗುವ ದ್ರವ ಅದು. ತಗ್ಗುಗಳನ್ನು ತುಂಬಿ ನಿಲ್ಲುತ್ತದೆ, ತುದಿಗಳ ಮೇಲಿದ್ದ ಭಾರ ಪೂರ್ತಿ ಮೈಗೆ ಹಂಚಿಹೋಗುತ್ತದೆ. ನನಗೆ ಆವರೆಗೆ ಗಮ್ ಅಂದರೆ ಸ್ವಲ್ಪ ತಾತ್ಸಾರವೇ. ಕೈಯಲ್ಲಿ ಕೆಲಸ ಇಲ್ಲದವರು ಗಮ್ ಹಾಕುತ್ತಾರೆ ಅನ್ನುವ ಜಂಬ.

ಮಾಲೀಕರು ಒಂದೇ ಮಾತು ಕೇಳಿದರು, "ಸೀಸನ್ ಮುಗಿಯೋವರೆಗೆ ನಿಲ್ಲುತ್ತಾ?" ನಿಲ್ಲಬೇಕು ಅಂದೆ. ಒಂದು ದಿನದ ಹಣ್ಣನ್ನು ಪಕ್ಕದ ತೋಟದ ಪಲ್ಪರ್‌ಗೆ ಕಳಿಸಿದರು. ಪಲ್ಪರ್ ಹೌಸ್‌ನ ತೇವದಲ್ಲಿ ಗಮ್ ಕೆಲಸ ಆಗುವುದಿಲ್ಲ ಅಂತ ಶಾಫ್ಟನ್ನು ಕಾರ್ ಶೆಡ್ಡಿಗೆ ಹೊತ್ತೆವು. ಕೆಂಪು ಪುಡಿ ಪೂರ್ತಿ ಉಜ್ಜಿ, ಥಿನ್ನರ್‌ನಲ್ಲಿ ಮೂರು ಸಲ ಒರೆಸಿ, ಗ್ರೀಸಿನ ಕೈ ಹತ್ತಿರ ಬರದ ಹಾಗೆ ಕಾಯ್ದು ಗಮ್ ಹಚ್ಚಿ ಕೂರಿಸಿದೆವು. ಒಂದು ಹಗಲು ಒಂದು ರಾತ್ರಿ ಮುಟ್ಟಲಿಲ್ಲ.

ಸೀಸನ್ನಿನ ಉಳಿದ ಹತ್ತೊಂಬತ್ತು ರಾತ್ರಿಯೂ ಓಡಿತು. ಕತ್ತರಿ ಕಾಳು ಕಡಿಮೆಯಾಯಿತು, ಪುಡಿ ಬರಲಿಲ್ಲ.

ಮಳೆಗಾಲದ ಕೆಲಸ

ಜೂನ್‌ನಲ್ಲಿ ಬೇರಿಂಗ್ ಬಿಸಿ ಮಾಡಿ ಗಮ್ ಬಿಡಿಸಿ, ಮತ್ತೆ ವೆಲ್ಡಿಂಗ್ ತುಂಬಿ, ಲೇತ್‌ನಲ್ಲಿ 0.3 ಮಿಲಿಮೀಟರ್ ದಪ್ಪ ಬಿಟ್ಟು, ಹಾಸನದ ಒಂದು ಕ್ರ್ಯಾಂಕ್ ಗ್ರೈಂಡಿಂಗ್ ಶಾಪಿಗೆ ಒಯ್ದೆ. ಅಲ್ಲಿ 40.014ಕ್ಕೆ ಗ್ರೈಂಡ್ ಮಾಡಿಸಿದೆ. ಉಗುರಿನಲ್ಲಿ ಗೀರಿದರೂ ಗೆರೆ ಸಿಗದಷ್ಟು ನಯ. ಖರ್ಚು ಒಂದು ಮೂಟೆ ಪಾರ್ಚ್‌ಮೆಂಟಿನ ಬೆಲೆಗಿಂತ ತುಂಬಾ ಕಡಿಮೆ.

ಕೂರಿಸುವಾಗ ಸುತ್ತಿಗೆ ಮುಟ್ಟಲಿಲ್ಲ. ಡಬ್ಬಿಯಲ್ಲಿ ಎಣ್ಣೆ ಬಿಸಿ ಮಾಡಿ, ತಳಕ್ಕೆ ತಾಗದ ಹಾಗೆ ತಂತಿಯಲ್ಲಿ ಬೇರಿಂಗ್ ತೂಗಿಬಿಟ್ಟೆವು. 100 ಡಿಗ್ರಿಗೆ ಬಂದರೆ 40 ಮಿಲಿಮೀಟರಿನ ರಂಧ್ರ 36 ಮೈಕ್ರಾನಿನಷ್ಟು ಹಿಗ್ಗುತ್ತದೆ. ಬಟ್ಟೆಯಲ್ಲಿ ಹಿಡಿದು ತೊಡಿಸಿದರೆ ಸುಯ್ಯ ಅಂತ ಹೋಗಿ ಕೂತಿತು, ತಣ್ಣಗಾಗುತ್ತಾ ಕಚ್ಚಿಕೊಂಡಿತು. ಬಡಿದರೆ ತುದಿಗಳು ಉದ್ದಕ್ಕೂ ಕೆರೆದು ಹೋಗುತ್ತವೆ, ಹೀಗೆ ತೊಡಿಸಿದರೆ ನೇರ ಮೇಲಿಂದ ಅಮುಕಿದ ಹಾಗೆ. "ಇಷ್ಟೇನಾ?" ಅಂದರು ಮೇಸ್ತ್ರಿ, ನಲವತ್ತು ವರ್ಷ ಬಡಿದ ಕೈ ನೋಡಿಕೊಳ್ಳುತ್ತಾ.

ಈಗ ಶಾಪಿನಲ್ಲಿ ಬೇರಿಂಗ್ ಜಾಗ ತಿರುಗಿಸುವಾಗ ಕೊನೇ ಪಾಸಿಗೆ ಫೀಡ್ 0.08 ಇಡುತ್ತೇನೆ. ಅದೇ ಮೂತಿಯಲ್ಲಿ ದಿಬ್ಬ ಲೆಕ್ಕಕ್ಕೆ 2 ಮೈಕ್ರಾನಿಗೆ ಇಳಿಯುತ್ತದೆ. ನಿಜದಲ್ಲಿ ಜಾಸ್ತಿಯೇ ಇರುತ್ತದೆ, ಲೇತ್ ಹಳೆಯದು. ಹತ್ತು ನಿಮಿಷ ಎಕ್ಸ್‌ಟ್ರಾ ಆಗುತ್ತದೆ, ಗಿರಾಕಿ ಗೊಣಗುತ್ತಾರೆ. ಹಾಗಂತ ಸಿಕ್ಕಾಪಟ್ಟೆ ದಪ್ಪ ಬಿಡುವುದೂ ಇಲ್ಲ. ಉಂಗುರ ವಿಪರೀತ ಹಿಗ್ಗಿದರೆ ಒಳಗಿನ ಗುಂಡುಗಳಿಗೆ ಜಾಗ ಸಾಲದೆ ಬೇರಿಂಗೇ ಬಿಸಿಯಾಗುತ್ತದೆ. ಪಂಚ್ ಹೊಡೆದ ಶಾಫ್ಟ್ ಬಂದರೆ ಬೈಯುವುದನ್ನೂ ಬಿಟ್ಟಿದ್ದೇನೆ. ಯಾವತ್ತು ಹೊಡೆದದ್ದು ಅಂತ ಮಾತ್ರ ಕೇಳುತ್ತೇನೆ. ಆ ತೋಟದಲ್ಲಿ ಈಗ ವಾರಕ್ಕೊಮ್ಮೆ ಬಿಳಿ ಬಟ್ಟೆ ತುಂಡಿನಲ್ಲಿ ಬೇರಿಂಗಿನ ಅಂಚು ಒರೆಸಿ ನೋಡುತ್ತಾರೆ. ಕಪ್ಪು ಬಂದರೆ ಗ್ರೀಸು, ಕೆಂಪು ಬಂದರೆ ನನಗೆ ಫೋನು.

ಮುಂದಿನ ಸೀಸನ್ ಪೂರ್ತಿ ಪುಲ್ಲಿ ಕಡೆಯಿಂದ ಕಪ್ಪೇ ಬಂತು. ಮಾರ್ಚ್‌ನಲ್ಲಿ ಲೆಕ್ಕ ಮುಗಿಸಲು ಹೋದಾಗ ಮೇಸ್ತ್ರಿ ಬಟ್ಟೆ ಬಿಡಿಸಿ ಮೇಜಿನ ಮೇಲೆ ಹಾಸಿದರು. ಒಂದು ಕಡೆ ಕಪ್ಪು ಕಲೆ. ಇನ್ನೊಂದು ಕಡೆ ತೆಳ್ಳಗೆ ಕಾವಿ ಬಣ್ಣ. ನಾವು ಇಬ್ಬರೂ ಕೈ ಹಾಕಿಯೇ ಇರದ ಆ ಬದಿಯ ಬೇರಿಂಗಿನದು.

"ಇದಕ್ಕೆ ಜೂನ್‌ವರೆಗೆ ಟೈಮ್ ಉಂಟಲ್ಲ" ಅಂದರು.